ಗರಿಯ ಹುಳುವೂ ಕೃಷ್ಣೆಯ ಮೀನೂ

ಗಾಳಕ್ಕೆ ಎರೆಹುಳು ಚುಚ್ಚಿ ಹೊಳೆಯ ದಂಡೆಗೆ ಕುಳಿತವರನ್ನು ನೀವು ಅಂಕಲಿಯಲ್ಲಿಯೋ ಕುಡಚಿಯಲ್ಲಿಯೋ ಕಂಡಿರಬಹುದು. ನಮಗೆ ಗೊತ್ತಿರುವ ಗಾಳ ಅದು. ಆದರೆ ಎರೆಹುಳುವಿಲ್ಲದೆ, ಹಿಟ್ಟಿನ ಉಂಡೆಯಿಲ್ಲದೆ, ತಿನ್ನತಕ್ಕ ವಸ್ತು ಯಾವುದೂ ಇಲ್ಲದೆ ಮೀನು ಹಿಡಿಯುವ ಒಂದು ವಿದ್ಯೆಯೂ ಉಂಟು. ಗಾಳದ ಮುಳ್ಳಿಗೆ ಒಂದಿಷ್ಟು ರೇಶಿಮೆ ಎಳೆ, ಒಂದು ಚೂರು ಉಣ್ಣೆ, ಹುಂಜದ ಕೊರಳಿನ ಒಂದೆರಡು ಗರಿ ಇಷ್ಟನ್ನೇ ಬಿಗಿದು ಕಟ್ಟಿ, ನೀರ ಮೇಲೆ ಹಗುರವಾಗಿ ಇಳಿಸಿ, ಮೀನಿಗೆ ಇದೊಂದು ಹಾರುವ ಹುಳು ಎಂದು ನಂಬಿಸುವ ವಿದ್ಯೆ ಅದು. ಇಂಗ್ಲಿಷರು ಅದನ್ನು ಫ್ಲೈ ಎಂದು ಕರೆದರು. ನಾವು ಗರಿಹುಳು ಎನ್ನೋಣ. ತಣ್ಣೀರಿನ ಮೀನಾದ ಟ್ರೌಟನ್ನು ಹಿಡಿಯುವುದಕ್ಕೆ ಇದೇ ಅತ್ಯಂತ ಉಚಿತವಾದ ಸಾಧನವೆಂದು ಅವರ ಮತ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಬಿಸಿಲ ಬಯಲಿನಲ್ಲಿ ಇರುವ ನಮಗೆ ಇದರ ಗೊಡವೆ ಏತಕ್ಕೆ ಎಂದು ನೀವು ಕೇಳಬಹುದು. ಈ ಭಾಗದಲ್ಲಿ ಮೀನು ಮುಟ್ಟದ ಮನೆಗಳೂ ಬಹಳ. ಆದರೂ ಸ್ವಲ್ಪ ತಾಳ್ಮೆಯಿಂದ ಓದಿರಿ. ಈ ಗರಿಹುಳುವಿನ ಇತಿಹಾಸವನ್ನು ಹಿಡಿದು ಹೊರಟರೆ ಅದು ಸಮುದ್ರ ದಾಟಿ, ಘಟ್ಟ ಹತ್ತಿ, ಕೊನೆಗೆ ನಿಮ್ಮ ಊರ ಹೊಳೆಗೇ ಬಂದು ನಿಲ್ಲುತ್ತದೆ.

ಮೊದಲು ಆ ವಿದ್ಯೆಯ ಮರ್ಮವನ್ನು ತಿಳಿದುಕೊಳ್ಳೋಣ. ತಿಳಿನೀರು ಹರಿಯುವ ಹೊಳೆಯ ತಳದಲ್ಲಿ, ಕಲ್ಲುಗಳ ಅಡಿಗೆ, ಹಲವಾರು ಬಗೆಯ ಹುಳುಗಳ ಮರಿಗಳು ವಾಸಿಸುತ್ತವೆ. ಅವುಗಳಲ್ಲಿ ಒಂದು ಜಾತಿಯನ್ನು ಒಂದು ದಿನದ ಹುಳು ಎಂದು ಕರೆಯಬಹುದು. ಅದರ ಮರಿ ತಿಂಗಳುಗಟ್ಟಲೆ ನೀರಿನೊಳಗೆ ಬೆಳೆಯುತ್ತದೆ. ಬಳಿಕ ಒಂದು ದಿನ ಮೇಲೆದ್ದು, ಪೊರೆ ಕಳಚಿ, ರೆಕ್ಕೆ ಬಿಚ್ಚಿ ಹಾರುತ್ತದೆ. ರೆಕ್ಕೆ ಬಂದ ಮೇಲೆ ಅದಕ್ಕೆ ಉಣ್ಣಬಲ್ಲ ಬಾಯಿಯೇ ಇರುವುದಿಲ್ಲ. ಜೊತೆಗೂಡಿ, ನೀರಿಗೆ ತತ್ತಿಯಿಟ್ಟು, ಒಂದೆರಡು ದಿನಗಳಲ್ಲಿ ಸಾಯುತ್ತದೆ. ಹಾಗೆ ಹುಳುಗಳು ಸಾವಿರಗಟ್ಟಲೆ ಮೇಲೇಳುವ ಹೊತ್ತಿಗೆ ಟ್ರೌಟ್ ಮೀನು ಬೇರೆ ಮೇವನ್ನು ಕಣ್ಣೆತ್ತಿಯೂ ನೋಡದು. ಆದುದರಿಂದ ಗಾಳಗಾರನು ಆ ಹುಳುವನ್ನೇ ಕೈಯಿಂದ ತಯಾರಿಸಬೇಕಾಯಿತು.

ಕಟ್ಟುವ ಕ್ರಮ ಸರಳವೆಂದು ತೋರುತ್ತದೆ. ಗಾಳದ ಮುಳ್ಳನ್ನು ಸಣ್ಣ ಇಕ್ಕಳದಲ್ಲಿ ಸಿಗಿಸಿ, ಮೇಣ ಹಚ್ಚಿದ ರೇಶಿಮೆ ಎಳೆಯನ್ನು ಅದರ ಮೇಲೆ ಒತ್ತೊತ್ತಾಗಿ ಸುತ್ತುತ್ತಾರೆ. ಉಣ್ಣೆಯನ್ನೋ ಮೊಲದ ತುಪ್ಪಳನ್ನೋ ಹೊಸೆದು ಮೈ ಮಾಡುತ್ತಾರೆ. ಹುಂಜದ ಕೊರಳಿನ ಗರಿಯೊಂದನ್ನು ಸುತ್ತಿದರೆ ಅದರ ಎಳೆಗಳು ಸುತ್ತಲೂ ನಿಗುರಿ ನಿಂತು ಹುಳುವಿನ ಕಾಲುಗಳಂತೆ ಕಾಣುತ್ತವೆ. ಹುಂಜದ ಗರಿ ಬಿರುಸು, ಅದು ನೀರ ಮೇಲೆ ತೇಲುತ್ತದೆ. ಹೇಂಟೆಯ ಗರಿ ಮೃದು, ಅದು ನೆನೆದು ಮುಳುಗುತ್ತದೆ. ತೇಲುವ ಹುಳು ಬೇಕೋ ಮುಳುಗುವ ಹುಳು ಬೇಕೋ ಎಂಬುದಕ್ಕೆ ತಕ್ಕಂತೆ ಗರಿಯನ್ನು ಆರಿಸಬೇಕು.

ಎಸೆಯುವುದಂತೂ ಬೇರೆಯೇ ಒಂದು ಅಭ್ಯಾಸ. ನಮ್ಮ ಗಾಳದಲ್ಲಿ ತುದಿಗೆ ಕಟ್ಟಿದ ಸೀಸದ ಗುಂಡು ದಾರವನ್ನು ಎಳೆದೊಯ್ಯುತ್ತದೆ. ಗರಿಹುಳುವಿಗಾದರೋ ತೂಕವೇ ಇಲ್ಲ. ಆದುದರಿಂದ ದಾರವನ್ನೇ ದಪ್ಪವಾಗಿ, ತೂಕವಾಗಿ ಮಾಡಿ, ಬಾರಕೋಲು ಬೀಸಿದಂತೆ ಹಿಂದಕ್ಕೂ ಮುಂದಕ್ಕೂ ಬೀಸಿ, ಹುಳುವನ್ನು ನೀರ ಮೇಲೆ ಸದ್ದಿಲ್ಲದೆ ಇಳಿಸುತ್ತಾರೆ. ಇಷ್ಟಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಈ ಹೊಳೆಯಲ್ಲಿ, ಈ ತಿಂಗಳಲ್ಲಿ, ಈ ಹೊತ್ತಿನಲ್ಲಿ ಯಾವ ಹುಳು ಏಳುತ್ತದೆ ಎಂಬುದನ್ನು ನೋಡಿ ತಿಳಿಯಬೇಕು. ಹೊಳೆಯನ್ನು ಅರಿಯದವನ ಕೈಯಲ್ಲಿ ಎಷ್ಟು ಚೆಂದದ ಗರಿಹುಳುವಾದರೂ ವ್ಯರ್ಥ. ಈ ಮಾತನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುತ್ತದೆ.

ಈ ವಿದ್ಯೆ ಬಹಳ ಹಳೆಯದು. ಕ್ರಿ.ಶ. 200ರ ಸುಮಾರಿಗೆ ಬದುಕಿದ್ದ ಈಲಿಯನ್ ಎಂಬ ರೋಮಿನ ಲೇಖಕನು ಮ್ಯಾಸಿಡೋನಿಯದ ಒಂದು ಹೊಳೆಯಲ್ಲಿ ಜನರು ಚುಕ್ಕೆಯುಳ್ಳ ಮೀನುಗಳನ್ನು ಹಿಡಿಯುವ ಬಗೆಯನ್ನು ಬರೆದಿಟ್ಟಿದ್ದಾನೆ. ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಗರಿ ಕಟ್ಟುತ್ತಿದ್ದರಂತೆ. ಇಂಗ್ಲೆಂಡಿನಲ್ಲಿ 1496ರಲ್ಲಿ ಅಚ್ಚಾದ ಒಂದು ಪುಸ್ತಕದಲ್ಲಿ ಹನ್ನೆರಡು ಬಗೆಯ ಗರಿಹುಳುಗಳ ವಿವರವಿದೆ. 1653ರಲ್ಲಿ ಐಸಾಕ್ ವಾಲ್ಟನ್ ಎಂಬಾತನು ಗಾಳಗಾರಿಕೆಯ ಮೇಲೆ ಬರೆದ ಪುಸ್ತಕಕ್ಕೆ ಅವನ ಗೆಳೆಯ ಚಾರ್ಲ್ಸ್ ಕಾಟನ್ 1676ರಲ್ಲಿ ಗರಿಹುಳುವಿನ ಭಾಗವನ್ನು ಸೇರಿಸಿದನು.

ಹಾಗಾದರೆ ಗಾಳದ ಶಾಸ್ತ್ರವೆಲ್ಲ ಪಶ್ಚಿಮದವರ ಸೊತ್ತೋ? ಹಾಗೆ ತಿಳಿಯಬೇಡಿರಿ. ಆ ಇಂಗ್ಲಿಷ್ ಪುಸ್ತಕ ಅಚ್ಚಾಗುವುದಕ್ಕೆ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಮೊದಲೇ ಕನ್ನಡನಾಡಿನ ಅರಸನೊಬ್ಬನು ಮೀನು ಹಿಡಿಯುವುದನ್ನು ಕುರಿತು ಒಂದು ಅಧ್ಯಾಯವನ್ನೇ ಬರೆದಿದ್ದನು. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥ ಸುಮಾರು 1130ರಲ್ಲಿ ರಚಿತವಾಯಿತು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳು ಅದರಲ್ಲಿವೆ. ವಿನೋದಗಳನ್ನು ಹೇಳುವ ನಾಲ್ಕನೆಯ ಭಾಗದಲ್ಲಿ ಮತ್ಸ್ಯವಿನೋದವೂ ಒಂದು. ಕಡಲ ಮೀನು ಯಾವುದು, ಹೊಳೆಯ ಮೀನು ಯಾವುದು, ಪೊರೆಯುಳ್ಳದ್ದು ಯಾವುದು, ಇಲ್ಲದ್ದು ಯಾವುದು ಎಂದು ಅರಸನು ಮೀನುಗಳನ್ನು ವಿಂಗಡಿಸುತ್ತಾನೆ. ಯಾವ ಮೀನಿಗೆ ಯಾವ ಮೇವು ಹಿತವೆಂಬುದನ್ನು ಹೇಳುತ್ತಾನೆ. ಗಾಳ, ಕೋಲು, ದಾರಗಳ ಮಾತನ್ನೂ ಬಿಡುವುದಿಲ್ಲ. ಭಾರತದ ಪ್ರಾಣಿವಿಜ್ಞಾನ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಕುರಿತು ಬರೆದು ವಿದ್ವಾಂಸರ ಗಮನಕ್ಕೆ ತಂದರು. ಸೋಮೇಶ್ವರನಲ್ಲಿ ಗರಿಹುಳು ಇಲ್ಲ, ನಿಜ. ಆದರೆ ಮೀನಿನ ಗುಣವನ್ನು ಅರಿತು ಮೇವನ್ನು ಆರಿಸಬೇಕೆಂಬ ಮೂಲತತ್ತ್ವ ಅಲ್ಲಿದೆ.

ಇಂಗ್ಲೆಂಡಿನ ಗರಿಹುಳುವಿನಲ್ಲಿಯೂ ನಮ್ಮ ನಾಡಿನ ಪಾಲು ಇತ್ತೆಂಬುದು ಸೋಜಿಗದ ಸಂಗತಿ. ಸಹ್ಯಾದ್ರಿಯ ಕಾಡುಗಳಲ್ಲಿ, ನಮ್ಮ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ಕೂಡ, ಬೂದು ಬಣ್ಣದ ಕಾಡುಕೋಳಿ ಇದೆ. ಅದರ ಹುಂಜದ ಕೊರಳಿನ ಗರಿಗಳ ಮೇಲೆ ಮೇಣದ ಹನಿ ಬಿದ್ದಂಥ ಹಳದಿ ಚುಕ್ಕೆಗಳಿರುತ್ತವೆ. ಗರಿಹುಳುವಿಗೆ ಕಣ್ಣು ಇಡಲು ಆ ಚುಕ್ಕೆಯಂಥ ವಸ್ತು ಬೇರೊಂದಿಲ್ಲವೆಂದು ಇಂಗ್ಲೆಂಡಿನ ಕುಶಲಿಗಳು ಕಂಡುಕೊಂಡರು. ದಕ್ಷಿಣ ಭಾರತದ ಕಾಡುಕೋಳಿಯ ಚರ್ಮ ಗರಿಸಮೇತ ಹಡಗು ಹತ್ತಿತು. ಕಾಡುಹಕ್ಕಿಗಳ ಗರಿ, ಚರ್ಮಗಳ ರಫ್ತನ್ನು ಭಾರತ ಸರಕಾರ 1902ರಲ್ಲಿ ನಿಷೇಧಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಆ ಹಕ್ಕಿಗೆ ಇನ್ನೂ ಗಟ್ಟಿಯಾದ ಕಾವಲನ್ನು ಒದಗಿಸಿತು. ಈಗ ಬ್ರಿಟನ್ನಿನ ಗರಿ ವ್ಯಾಪಾರಿಗಳು ಆ ಕೋಳಿಯನ್ನು ತಮ್ಮಲ್ಲಿಯೇ ಸಾಕಿ ಗರಿ ಪಡೆಯುತ್ತಾರೆ.

ಗರಿ ಇಲ್ಲಿಂದ ಅಲ್ಲಿಗೆ ಹೋಯಿತು. ಮೀನು ಅಲ್ಲಿಂದ ಇಲ್ಲಿಗೆ ಬರಬೇಕೆಂದು ಇಲ್ಲಿದ್ದ ಇಂಗ್ಲಿಷರಿಗೆ ಹಂಬಲ. ಆದರೆ ಟ್ರೌಟ್ ಬಹು ನಾಜೂಕಿನ ಜೀವ. ನೀರು ತಣ್ಣಗೆ ಇರಬೇಕು, ಉಸಿರಾಡಲು ಪ್ರಾಣವಾಯು ಅದರಲ್ಲಿ ತುಂಬಿರಬೇಕು. ಸುಮಾರು 20 ಡಿಗ್ರಿ ಸೆಲ್ಸಿಯಸ್ಸಿಗಿಂತ ನೀರು ಕಾದರೆ ಅದಕ್ಕೆ ಕಷ್ಟ. ಬದುಕಿದ ಮೀನನ್ನು ತಿಂಗಳುಗಟ್ಟಲೆ ಹಡಗಿನಲ್ಲಿ ತರುವುದು ಅಸಾಧ್ಯವಾದುದರಿಂದ ತತ್ತಿಗಳನ್ನೇ ತರುವ ಉಪಾಯ ಹೂಡಿದರು. ಒದ್ದೆ ಹಾವಸೆಯ ಪದರಗಳ ನಡುವೆ ತತ್ತಿಗಳನ್ನಿಟ್ಟು, ಸುತ್ತ ಮಂಜುಗಡ್ಡೆ ಪೇರಿಸಿದರೆ, ತತ್ತಿ ಬೇಗ ಒಡೆಯದೆ ನಿದ್ರಿಸಿದಂತೆ ಇರುತ್ತದೆ. 1864ರಲ್ಲಿ ಈ ರೀತಿಯಿಂದಲೇ ಇಂಗ್ಲೆಂಡಿನ ಟ್ರೌಟ್ ತತ್ತಿಗಳು ಭೂಗೋಲದ ಆ ತುದಿಯ ಟಾಸ್ಮೇನಿಯವನ್ನು ಜೀವಂತವಾಗಿ ಮುಟ್ಟಿದವು.

ನೀಲಗಿರಿಗೆ ಟ್ರೌಟ್ ತರುವ ಯತ್ನವನ್ನು 1860ರ ದಶಕದಲ್ಲಿ ಮದ್ರಾಸು ಸೈನ್ಯದ ವೈದ್ಯ ಫ್ರಾನ್ಸಿಸ್ ಡೇ ಮಾಡಿದನು. ಅದು ಫಲಿಸಲಿಲ್ಲ. ಮುಂದೆ ಭಾರತದ ಮೀನುಗಳ ಮೇಲೆ ಮಹಾಗ್ರಂಥವನ್ನು ಬರೆದವನು ಇವನೇ. 1880ರ ದಶಕದಲ್ಲಿ ಸಿಂಹಳದ ಎತ್ತರದ ತೊರೆಗಳಿಗೆ ಟ್ರೌಟ್ ಬಂದಿತು. ಕಾಶ್ಮೀರಕ್ಕೆ 1899ರಲ್ಲಿ ಬಂದ ಮೊದಲ ತತ್ತಿಗಳು ದಾರಿಯಲ್ಲಿಯೇ ಕೆಟ್ಟವು, ಮರುವರ್ಷ ಬಂದವು ಉಳಿದವು. ನೀಲಗಿರಿಯ ಅವಲಾಂಚಿಯಲ್ಲಿ 1907ರಲ್ಲಿ ಎಚ್. ಸಿ. ವಿಲ್ಸನ್ನನ ಮೇಲ್ವಿಚಾರಣೆಯಲ್ಲಿ ಮೀನುಮರಿಗಳ ಕೇಂದ್ರವೊಂದು ತಲೆಯೆತ್ತಿತು. ಕಾಮನಬಿಲ್ಲಿನ ಬಣ್ಣದ ಪಟ್ಟೆಯುಳ್ಳ ಅಮೆರಿಕದ ಟ್ರೌಟ್ ಅಲ್ಲಿ ನೆಲೆನಿಂತಿತು. ಹೀಗೆ ಸುಮಾರು ನಲವತ್ತು ವರ್ಷಗಳ ಪ್ರಯತ್ನ, ಹಡಗು, ಮಂಜುಗಡ್ಡೆ, ಕಾವಲು, ನಿಯಮ ಎಲ್ಲವೂ ಕೂಡಿ ಒಂದು ಪರದೇಶದ ಮೀನಿಗೆ ದಕ್ಷಿಣದ ಬೆಟ್ಟಗಳಲ್ಲಿ ಮನೆಯಾಯಿತು.

ಬೇಸಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ನಮ್ಮ ಬಯಲಿಗೆ ಆ ಮೀನು ಬರುವ ಮಾತೇ ಇಲ್ಲ. ಬರದಿದ್ದರೆ ನಷ್ಟವೂ ಇಲ್ಲ. ಏಕೆಂದರೆ ಗರಿಹುಳುವಿಗೆ ಹಾರಿ ಬರುವ ಮೀನು ನಮ್ಮ ಕೃಷ್ಣೆಯ ನೀರಿನಲ್ಲಿಯೇ ಇತ್ತು. ಅದರ ಹೆಸರು ಜಗತ್ತಿನ ವಿಜ್ಞಾನದ ಪುಸ್ತಕಗಳಲ್ಲಿ ಈ ನಾಡಿನ ಜನರ ಬಾಯಿಮಾತಿನಲ್ಲಿಯೇ ದಾಖಲಾಗಿದೆ.

ಆ ಕಥೆ ಹೀಗಿದೆ. ಮುಂಬಯಿ ಸರಕಾರವು 1824ರಲ್ಲಿ ವಿಲಿಯಂ ಹೆನ್ರಿ ಸೈಕ್ಸ್ ಎಂಬ ಸೇನಾಧಿಕಾರಿಯನ್ನು ದಖ್ಖಣದ ಅಂಕಿಸಂಖ್ಯೆಗಳನ್ನು ಕಲೆಹಾಕಲು ನೇಮಿಸಿತು. 1831ರವರೆಗೆ ಅವನು ಊರೂರು ತಿರುಗಿ ಜನ, ಬೆಳೆ, ಹಕ್ಕಿ, ಮೀನು ಎಲ್ಲವನ್ನೂ ಬರೆದುಕೊಂಡನು. 1839ರಲ್ಲಿ ದಖ್ಖಣದ ಮೀನುಗಳನ್ನು ಕುರಿತ ಅವನ ಬರಹ ಲಂಡನ್ನಿನಲ್ಲಿ ಬೆಳಕು ಕಂಡಿತು. ಹೊಸ ಮೀನು ಸಿಕ್ಕಿದಾಗ ವಿದ್ವಾಂಸರು ಗ್ರೀಕು ಲ್ಯಾಟಿನ್ ಶಬ್ದಗಳನ್ನು ಹುಡುಕುವುದು ವಾಡಿಕೆ. ಸೈಕ್ಸನು ಹಾಗೆ ಮಾಡಲಿಲ್ಲ. ಹಿಡಿದವರನ್ನು ಹೆಸರು ಕೇಳಿ ಅದನ್ನೇ ಬರೆದನು. ಖುದ್ರಿ, ಕೋಳಸ, ನಕಟಾ, ಬೊಗ್ಗಟ, ಪೋಟಿಲ, ಶಿಂಗಟಿ ಮುಂತಾದ ಮರಾಠಿ ಹೆಸರುಗಳು ಅವನ ಕಿವಿಗೆ ಕೇಳಿಸಿದಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಇಳಿದು ವಿಜ್ಞಾನದ ಹೆಸರುಗಳಾದವು. ಇಂದಿಗೂ ಲಂಡನ್ನಿನಲ್ಲಾಗಲಿ ಟೋಕಿಯೋದಲ್ಲಾಗಲಿ ಮೀನಿನ ವಿದ್ವಾಂಸನು ಖುದ್ರಿ ಎಂದೇ ಬರೆಯಬೇಕು.

ಖುದ್ರಿ ಎಂದರೆ ದಖ್ಖಣದ ಮಹಶೀರ್. ದೊಡ್ಡ ದೊಡ್ಡ ಪೊರೆ, ದಪ್ಪ ತುಟಿ, ಕೆಳಬಾಗಿದ ಬಾಯಿ, ಹೊಳೆವ ಮೈ. ಪುಣೆಯ ಮೂಡಲಿಗೆ ಮುಳಾ-ಮುಠಾ ಹೊಳೆಯಲ್ಲಿ ಸೈಕ್ಸನಿಗೆ ಅದು ದೊರೆಯಿತು. ಆ ಹೊಳೆ ಭೀಮೆಗೆ, ಭೀಮೆ ಕೃಷ್ಣೆಗೆ. ಅಂದರೆ ಅದು ನಿಮ್ಮ ನದಿಯ ಬಳಗದ ಮೀನು. ಘಟ್ಟದ ಮಗ್ಗುಲಿನ ಕಲ್ಲುಹಾಸಿನ ಹರಿವೂ ಆಳವಾದ ಮಡುವೂ ಅದಕ್ಕೆ ಪ್ರಿಯ. ಮಳೆ ಹಿಡಿದು ಹೊಳೆ ಏರಿದಾಗ ಹರಿವಿಗೆ ಎದುರಾಗಿ ಮೇಲಕ್ಕೆ ಹೋಗಿ ತತ್ತಿಯಿಡುವುದು ಮಹಶೀರಿನ ಸ್ವಭಾವ. ಕಾಯಿ, ಏಡಿ, ಸಣ್ಣ ಮೀನು, ಹುಳು ಯಾವುದನ್ನೂ ಅದು ಬಿಡದು.

ಈ ಮೀನಿನ ಯೋಗ್ಯತೆಯನ್ನು ಲೋಕಕ್ಕೆ ಸಾರಿದ ಪುಸ್ತಕ ಹುಟ್ಟಿದ್ದು ಕೂಡ ನಮ್ಮ ನಾಡಿನಲ್ಲಿಯೇ. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್‌ನು ಭಾರತದಲ್ಲಿ ಗಾಳಗಾರಿಕೆಯನ್ನು ಕುರಿತು ಬರೆದ ಗ್ರಂಥ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಇಂಗ್ಲೆಂಡಿನಲ್ಲಿ ಮೀನುಗಳ ಅರಸನೆನಿಸಿದ ಸಾಲ್ಮನ್ನಿಗಿಂತ ಮಹಶೀರಿನ ಕಸುವೇ ಮಿಗಿಲೆಂದು ಅವನ ಅಭಿಪ್ರಾಯ. ಗರಿಹುಳುವಿನಿಂದ ಅದನ್ನು ಹಿಡಿಯುವ ಬಗೆಯನ್ನೂ ಅವನು ವಿವರಿಸಿದನು. ಆದರೆ ಬರಿಯ ವಿನೋದಕ್ಕೆ ಬರೆದ ಪುಸ್ತಕ ಅದಲ್ಲ. ಅದಕ್ಕೂ ಮೊದಲು, 1870ರಲ್ಲಿ, ದಕ್ಷಿಣ ಕನ್ನಡದ ಮೀನುಸಾಕಣೆಯನ್ನು ಕುರಿತು ಅವನ ವರದಿಯೊಂದು ಬಂದಿದ್ದಿತು. ಸಣ್ಣ ಮರಿಗಳನ್ನು ಬಾಚಿ ಹಿಡಿಯುವುದರಿಂದಲೂ ಹೊಳೆಗೆ ವಿಷ ಬೆರೆಸುವುದರಿಂದಲೂ ಜನರ ಆಹಾರವೇ ನಾಶವಾಗುವುದೆಂಬ ಚಿಂತೆ ಅವನದು. ಇಂಥವರ ಬರಹಗಳಿಂದ ಎದ್ದ ಚರ್ಚೆಯ ಕೊನೆಗೆ 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯಿದೆ ಬಂದಿತು. ನೀರಿನಲ್ಲಿ ಸಿಡಿಮದ್ದು ಸಿಡಿಸಿ ಇಲ್ಲವೆ ವಿಷ ಹಾಕಿ ಮೀನು ಕೊಲ್ಲುವುದು ಅಂದಿನಿಂದ ಅಪರಾಧವಾಯಿತು.

ಮಹಶೀರ್ ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೂ ಕನ್ನಡನಾಡಿನ ಹೊಳೆಯೇ ಸಾಕ್ಷಿ. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗನ್ ಎಂಬುವರು ಕಬಿನಿಯಲ್ಲಿ ಹಿಡಿದ ಮಹಶೀರು 120 ಪೌಂಡು, ಎಂದರೆ 54 ಕಿಲೋಗ್ರಾಮಿಗೂ ಹೆಚ್ಚು ತೂಗಿತು. ಅದು ಕಾವೇರಿ ಬಳಗದ, ಬೆನ್ನು ಗೂನಾದ ಬೇರೊಂದು ಜಾತಿ.

ಇನ್ನು ನಮ್ಮ ಖುದ್ರಿಯ ಗತಿ ಏನಾಯಿತು? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯೇ ಅದಕ್ಕೆ ಉತ್ತರ. ಟ್ರೌಟಿಗೆ ಮೀನುಮನೆ ಕಟ್ಟಿದವರು ಖುದ್ರಿಯನ್ನು ಅದರ ಪಾಡಿಗೆ ಬಿಟ್ಟರು. ಇತ್ತ ನದಿಯ ಸ್ವರೂಪವೇ ಬದಲಾಗುತ್ತ ಬಂದಿತು. ಶಾಹೂ ಮಹಾರಾಜರು ಆರಂಭಿಸಿದ ರಾಧಾನಗರಿ, ಆಮೇಲೆ ಕೊಯ್ನಾ, ದೂಧಗಂಗೆಯ ಕಾಳಮ್ಮವಾಡಿ ಹೀಗೆ ಘಟ್ಟದ ಬುಡದಲ್ಲಿ ಅಣೆಕಟ್ಟುಗಳು ಎದ್ದವು. ಕೆಳಗಡೆ ಆಲಮಟ್ಟಿ ಎದ್ದಿತು. ನಡುವಿನ ನಮ್ಮ ಹೊಳೆಗಳ ಮೇಲೆ ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಸಿದ್ನಾಳ–ಅಕ್ಕೋಳ, ಜತ್ರಾಟ–ಭಿವಶಿ ಎಂದು ಸೇತುವೆಯೂ ಆಗುವ ಬಂದಾರಗಳು ಸಾಲಾಗಿ ನಿಂತವು. ಮಹಾಪೂರ ಬಂದಾಗ ಇವು ಮುಳುಗಿದ ಸುದ್ದಿಯನ್ನು ನೀವು ಪ್ರತಿ ಮಳೆಗಾಲ ರೇಡಿಯೋದಲ್ಲಿ ಕೇಳುತ್ತೀರಿ. ಇವುಗಳನ್ನು ದೂರುವುದು ನ್ಯಾಯವಲ್ಲ. ಈ ಸೀಮೆಯ ಕಬ್ಬಿನ ಗದ್ದೆ ಹಸಿರಾದದ್ದು, ಊರ ನಲ್ಲಿಗೆ ನೀರು ಬಂದದ್ದು ಇವುಗಳಿಂದಲೇ. ಆದರೆ ಹರಿಯುವ ನೀರನ್ನು ನಂಬಿದ ಮೀನಿಗೆ ನಿಂತ ನೀರು ಒಗ್ಗದು. ಮಳೆಗಾಲದಲ್ಲಿ ಬಂದಾರದ ಹಲಗೆ ತೆಗೆದಾಗ ದಾರಿ ತುಸು ತೆರೆದರೂ ಮೇಲಿನ ದೊಡ್ಡ ಗೋಡೆಗಳನ್ನು ಅದು ದಾಟಲಾರದು.

ನಿಂತ ನೀರಿನಲ್ಲಿ ಬೇರೆ ಮೀನುಗಳು ಬೆಳೆದವು. ಗಂಗೆಯ ಕಡೆಯ ಕಾಟ್ಲಾ, ರೋಹುಗಳನ್ನು ತಂದು ಬಿಟ್ಟರು. 1952ರಲ್ಲಿ ಸಿಂಹಳದಿಂದ ಭಾರತಕ್ಕೆ ತಂದ ಆಫ್ರಿಕದ ತಿಲಾಪಿಯಾ, ನಮ್ಮ ಜನ ಜಿಲೇಬಿ ಎಂದು ಕರೆಯುವ ಮೀನು, ಕೆರೆ ಹೊಳೆಗಳನ್ನೆಲ್ಲ ತುಂಬಿಕೊಂಡಿತು.

ಖುದ್ರಿಗೆ ಆಪ್ತರು ದೊರೆತದ್ದು ಬಹಳ ತಡವಾಗಿ. 1970ರ ದಶಕದಲ್ಲಿ ಲೋಣಾವಳದ ಟಾಟಾ ವಿದ್ಯುತ್ ಕಂಪನಿಯ ಸರೋವರಗಳ ದಡದಲ್ಲಿ, ಮಹಾರಾಷ್ಟ್ರದ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಸಿ. ವಿ. ಕುಲಕರ್ಣಿ ಮತ್ತು ಎಸ್. ಎನ್. ಓಗಲೆ ಅವರು ಖುದ್ರಿಯ ತತ್ತಿಗಳನ್ನು ಕೈಯಿಂದ ಬಿಡಿಸಿ ಮರಿ ಮಾಡುವ ಕ್ರಮವನ್ನು ಕುದುರಿಸಿದರು. ಟ್ರೌಟಿನ ತತ್ತಿ ಒದ್ದೆ ಹಾವಸೆಯಲ್ಲಿ ಹಡಗು ಹತ್ತಿದಂತೆಯೇ ಖುದ್ರಿಯ ತತ್ತಿ ಒದ್ದೆ ಹತ್ತಿಯಲ್ಲಿ ಕುಳಿತು ವಿಮಾನ ಹತ್ತಿತು! ಲಕ್ಷಗಟ್ಟಲೆ ಮರಿಗಳು ದೇಶದ ನಾನಾ ಕಡೆಗೆ ಹೋದವು. ಇದು ಮೆಚ್ಚತಕ್ಕ ಕೆಲಸವೇ ಸರಿ.

ಆದರೆ ಇಲ್ಲಿಯೂ ಒಂದು ತೊಡಕು. ಆ ಮರಿಗಳನ್ನು ಕಾವೇರಿಗೂ ಬಿಟ್ಟರು. ಅಲ್ಲಿ ಖುದ್ರಿ ಹೊರಗಿನ ಮೀನು. ಅದು ಚೆನ್ನಾಗಿ ಹಬ್ಬಿಕೊಂಡಂತೆ ಕಾವೇರಿಯ ಮೂಲನಿವಾಸಿಯಾದ ಗೂನುಬೆನ್ನಿನ ಮಹಶೀರು ಅಳಿಯತೊಡಗಿತು. ಇದು ತಿಳಿದದ್ದು ಹೇಗೆಂಬುದನ್ನು ಕೇಳಿರಿ. ಗಾಳಿಬೋರೆಯ ಬಿಡಾರದಲ್ಲಿ ಮೀನು ಹಿಡಿದು ತೂಗಿ ಮರಳಿ ನೀರಿಗೆ ಬಿಡುತ್ತಿದ್ದ ಗಾಳಗಾರರು ದಿನದಿನದ ಲೆಕ್ಕ ಇಟ್ಟಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕದ ಪುಸ್ತಕಗಳನ್ನು ವಿಜ್ಞಾನಿಗಳು ಬಿಚ್ಚಿ ನೋಡಿದಾಗ ಒಂದು ಜಾತಿ ಏರಿದುದೂ ಇನ್ನೊಂದು ಇಳಿದುದೂ ಸ್ಪಷ್ಟವಾಯಿತು. 2018ರಲ್ಲಿ ಗೂನುಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೂ ಸೇರಿತು. ಕೃಷ್ಣೆಯ ಮೀನನ್ನು ಕಾವೇರಿಯಲ್ಲಿ ಬೆಳೆಸಿದರೆ ಕೃಷ್ಣೆಯ ಸಾಲ ತೀರುವುದಿಲ್ಲ ಎಂಬುದು ಇದರಿಂದ ಕಲಿಯತಕ್ಕ ಪಾಠ. ಆಯಾ ಹೊಳೆಯ ಮೀನು ಆಯಾ ಹೊಳೆಯಲ್ಲಿಯೇ ಉಳಿಯಬೇಕು.

ಹೊಳೆಯೇ ಉಳಿಯದಿದ್ದರೆ? ಈ ಪ್ರಶ್ನೆ ಈ ಐದೂ ತಾಲೂಕಿನವರಿಗೆ ಹೊಸದಲ್ಲ. 2019ರ ಬೇಸಗೆಯಲ್ಲಿ ಕೃಷ್ಣೆ ಬತ್ತಿ ಮರಳು ಕಂಡಿತು, ಕೊಯ್ನೆಯ ನೀರಿಗಾಗಿ ಕಾಯಬೇಕಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ಕೃಷ್ಣೆ ಊರುಗಳನ್ನೇ ಮುಳುಗಿಸಿತು. ಮೇಲಣ ಪಂಚಗಂಗೆಯಲ್ಲಿ ಹೊಲಸು ನೀರಿನಿಂದ ಮೀನು ಸತ್ತು ತೇಲಿದ ಸುದ್ದಿ ಪತ್ರಿಕೆಗಳಲ್ಲಿ ಹಲವು ಸಲ ಬಂದಿದೆ. ಆ ಪಂಚಗಂಗೆ ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡಿ ನಮ್ಮ ಕಡೆಗೇ ಬರುತ್ತದೆ. ಮೀನು ತಿನ್ನುವವರಿರಲಿ, ತಿನ್ನದವರಿರಲಿ, ಕುಡಿಯುವುದು ಆ ನೀರನ್ನೇ. ಮೀನಿಗೆ ಉಸಿರುಗಟ್ಟಿಸುವ ನೀರು ಮನುಷ್ಯನಿಗೆ ಹಿತವಾದೀತೆ?

ಇಲ್ಲಿ ಗರಿಹುಳು ಕಟ್ಟುವವರಿಂದ ನಾವು ಕಲಿಯತಕ್ಕದ್ದು ಇದೆ. ಮೊದಲು ಹೊಳೆಯನ್ನು ನೋಡು, ಆಮೇಲೆ ಗಾಳ ಎಂಬುದು ಅವರ ಕ್ರಮವಷ್ಟೆ. ಒಂದು ದಿನದ ಹುಳುವಿನ ಮರಿಗಳು ಕೊಳಕು ನೀರಿನಲ್ಲಿ ಬಾಳುವುದು ಕಷ್ಟ. ಆದಕಾರಣ ಇಂದು ಜಗತ್ತಿನ ಅನೇಕ ದೇಶಗಳಲ್ಲಿ ನದಿಯ ಆರೋಗ್ಯವನ್ನು ಅಳೆಯಲು ಕಲ್ಲು ಮಗುಚಿ ಈ ಹುಳುಗಳನ್ನು ಎಣಿಸುತ್ತಾರೆ. ಇದಕ್ಕೆ ದೊಡ್ಡ ಯಂತ್ರ ಬೇಡ. ಒಂದು ಬಿಳಿ ತಟ್ಟೆ, ಒಂದು ಭೂತಗನ್ನಡಿ ಇದ್ದರೆ ಮಾಧ್ಯಮಿಕ ಶಾಲೆಯ ಮಕ್ಕಳೂ ಗುರುಗಳ ಜೊತೆಯಲ್ಲಿ ಈ ಕೆಲಸವನ್ನು ಮಾಡಬಲ್ಲರು. ಬೇಸಗೆಗೊಮ್ಮೆ, ಮಳೆ ನಿಂತ ಮೇಲೊಮ್ಮೆ ಎಣಿಸಿ ಬರೆದಿಟ್ಟರೆ ಹತ್ತು ವರ್ಷಗಳಲ್ಲಿ ಅದು ಗಾಳಿಬೋರೆಯ ಪುಸ್ತಕದಂತೆ ಬೆಲೆಯುಳ್ಳ ದಾಖಲೆಯಾಗುತ್ತದೆ.

ಕಾಪಾಡುವ ರೂಢಿ ನಮ್ಮಲ್ಲಿ ಇಲ್ಲದ್ದೇನೂ ಅಲ್ಲ. ಶೃಂಗೇರಿಯ ಶಾರದಾಂಬೆಯ ಗುಡಿಯ ಮುಂದೆ ತುಂಗೆಯ ಮೀನುಗಳನ್ನು ಯಾರೂ ಹಿಡಿಯುವಂತಿಲ್ಲ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಮಹಶೀರುಗಳು ದೇವರ ಮೀನೆಂದೇ ಬದುಕಿವೆ. 1996ರಲ್ಲಿ ಅಲ್ಲಿ ದುರುಳರು ವಿಷ ಹಾಕಿದಾಗ ಸಾವಿರಾರು ಮೀನು ಸತ್ತವು. ಊರವರು ಎದೆಗುಂದದೆ ಉಳಿದವನ್ನು ಕಾದರು, ಮೀನು ಮತ್ತೆ ಹೆಚ್ಚಿತು. ಇಡೀ ನದಿಯನ್ನು ಕಾಯುವುದು ಒಂದು ಊರಿನಿಂದ ಆಗಲಿಕ್ಕಿಲ್ಲ. ಒಂದು ಮಡುವನ್ನು ಕಾಯುವುದು ಆಗುತ್ತದೆ. ಬೇಸಗೆಯಲ್ಲಿ ಹರಿವು ನಿಂತಾಗ ಮೀನಿನ ಸಂತಾನ ಉಳಿಯುವುದು ಆಳದ ಮಡುಗಳಲ್ಲಿಯೇ. ಕೃಷ್ಣಾ ತೀರದ ಯಡೂರಿನಂಥ ಕ್ಷೇತ್ರಗಳ ಹಿರಿಯರು ಮನಸ್ಸು ಮಾಡಿದರೆ ಇದು ಅಸಾಧ್ಯವೇ?

ಕೊನೆಗೆ ನಿಮ್ಮಲ್ಲಿ ಒಂದು ಬಿನ್ನಹ. ಸೈಕ್ಸನು ಪುಣೆಯ ಕಡೆಯ ಹೆಸರುಗಳನ್ನು ಬರೆದುಕೊಂಡನು. ಕೃಷ್ಣೆಯ ಕನ್ನಡ ದಂಡೆಯಲ್ಲಿಯೂ ಅಂಬಿಗರಿದ್ದಾರೆ, ತಲೆಮಾರುಗಳಿಂದ ಬಲೆ ಬೀಸಿದವರಿದ್ದಾರೆ. ಯಾವ ಮೀನು ಯಾವ ಮಳೆಗೆ ಏರುತ್ತಿತ್ತು, ಯಾವ ಮಡುವಿನಲ್ಲಿ ಇರುತ್ತಿತ್ತು, ಅದಕ್ಕೆ ಏನೆನ್ನುತ್ತಿದ್ದರು ಎಂಬುದು ಅವರ ಬಾಯಲ್ಲಿದೆ. ಅವರ ಮಕ್ಕಳಲ್ಲಿ ಹಲವರು ಬೇರೆ ಕೆಲಸ ಹಿಡಿದಿದ್ದಾರೆ. ರಜೆಯ ದಿನ ಹೊಳೆಯ ಕಡೆಗೆ ಹೋದಾಗ ಅಂಥ ಹಿರಿಯರೊಬ್ಬರ ಹತ್ತಿರ ಕುಳಿತು ಆ ಹೆಸರುಗಳನ್ನು ಕೇಳಿ ಬರೆದುಕೊಳ್ಳಿರಿ, ಜೊತೆಗೆ ಅದು ಕಡೆಯ ಬಾರಿಗೆ ಕಂಡ ವರ್ಷವನ್ನೂ ಬರೆಯಿರಿ. ಹೊಳೆಗೆ ಏನು ಮರಳಿಸಬೇಕೆಂಬುದರ ಪಟ್ಟಿ ಅಲ್ಲಿಂದಲೇ ಆರಂಭವಾಗಬೇಕು.